ಬಂಡೆಯಡಿ ಮನೆಯ ಕಲ್ಲು

ಗಂಡ ರಸೆಲ್‌ನನ್ನು ಊರಲ್ಲಿ ಮಣ್ಣು ಮಾಡಿ ಜಾನಿಸ್ ಕೊಲ್ಲಿ ದೇಶದ ಅಲ್ ಖೋರ್‌ಗೆ ಮರಳಿದ ಮೇಲಿನ ಮೊದಲ ಮಾಮೂಲಿ ಬೆಳಗು. ಅವನ ಕಂಪೆನಿ ಬಸ್ಸು ಎಂದಿನಂತೆ ಬಂದು ಎಂದಿನಂತೆ ಹೋಯಿತು. ಅವಳು ಚಹಾಕ್ಕೆ ನೀರಿಡುವಷ್ಟರಲ್ಲಿ ಪಕ್ಕದ ಮನೆಯ ಪ್ಯಾಟ್ರಿಷಿಯಾ ಆಂಟಿ ಗಂಜಿ ಹಿಡಿದು ಬಂದರು. ಗೋಡೆಗೆ ಒರಗಿಸಿದ್ದ, ಅಕ್ಷರ ಕೆತ್ತಿದ ಕಪ್ಪು ಕಲ್ಲನ್ನು ಕಂಡು ಶಿಲುಬೆಯ ಗುರುತು ಮಾಡಿಕೊಂಡರು.

"ಸಮಾಧಿಗೆ ಇಲ್ಲೇ ಮಾಡಿಸಿದ್ದಾ ಮಗಾ? ಕಾರ್ಗೋದಲ್ಲಿ ಕಳಿಸೋದಾ?" ಕನ್ನಡಕ ಏರಿಸಿದರು. "ಅಯ್ಯೋ, ರಸೆಲ್‌ನ ಹೆಸರೇ ಇಲ್ಲ! ಬೇರೆ ಯಾರದ್ದೋ ಕೊಟ್ಟಿದ್ದಾರೆ!"

"ಆಂಟಿ, ಅದು ಸಮಾಧಿ ಕಲ್ಲಲ್ಲ."

"ನಿನಗೀಗ ತಲೆ ನಿಲ್ಲುವುದಿಲ್ಲ. ಸುಮ್ಮನಿರು, ನಾವು ನೋಡ್ತೇವೆ."

ಕಂಬಳಿ, ಹಾಲಿನ ಪುಡಿ, ಹಳೆ ಫ್ರಿಜ್ಜು ಎಲ್ಲವನ್ನೂ ಕಾರ್ಗೋದಲ್ಲಿ ಊರಿಗೆ ಸಾಗಿಸುವ ಜನಕ್ಕೆ ಸಮಾಧಿ ಕಲ್ಲು ಯಾವ ಲೆಕ್ಕ? ಗಂಜಿ ಆರುವ ಮೊದಲೇ, ಆಂಟಿಯ ಫೋನು ಸಿಕ್ಕಿದ್ದೇ ತಡ, ಪ್ರಾರ್ಥನಾಕೂಟದ ಟೋನಿ ಪಿಕಪ್ ತಂದು ನಿಲ್ಲಿಸಿದ.

"ಯಲ್ಲಾ, ಹೊರಡುವ ಜಾನಿಸಕ್ಕ. ನಮ್ಮವನದೊಂದು ಮಾರ್ಬಲ್ ಅಂಗಡಿ ಉಂಟು. ಮೆಷಿನ್ ಹಿಡಿದರೆ ಈ ಅಕ್ಷರ ಖಲಾಸ್, ಹೊಸದು ಕೆತ್ತಿಸುವ." ಹೇಳುತ್ತಲೇ ಕಲ್ಲನ್ನು ಎತ್ತಿಕೊಂಡ.

ಕಲ್ಲು ರಸೆಲ್‌ನ ಸಹೋದ್ಯೋಗಿ ಎಮ್ರಿಸ್‌ನದು. ಅವನದು ವೇಲ್ಸ್‌ನ ಒಂದು ಕಲ್ಲುಕೋರೆಯ ಹಳ್ಳಿ. ಅರ್ಧ ಊರು ಜೋನ್ಸ್, ಉಳಿದರ್ಧ ರಾಬರ್ಟ್ಸ್. ಹಾಗಾಗಿ ಜನರನ್ನು ಮನೆಯ ಹೆಸರು ಹಿಡಿದೇ ಕರೆಯುವುದು. ತಾನೂ ಡಿಸೋಜಾ ಆಗಿ ಊರು ತುಂಬ ಡಿಸೋಜಾಗಳ ನಡುವೆ ಬೆಳೆದ ರಸೆಲ್‌ಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಕೋರೆ ಮುಚ್ಚಿತು, ಮಕ್ಕಳು ಕೆಲಸ ಹುಡುಕಿ ಹೋದರು. ಬೇಸಗೆಗೆ ಬರುವವರು ಮನೆಗಳನ್ನು ಕೊಂಡು, ವೆಲ್ಷ್ ಹೆಸರು ಕಿತ್ತು ಇಂಗ್ಲಿಷ್ ಹೆಸರು ಹಾಕಿದರು. ಎಮ್ರಿಸ್‌ನ ಅಜ್ಜಿಯ ಮನೆ 'ತಾನಗ್ರೈಗ್', ಎಂದರೆ ಬಂಡೆಯಡಿ, ಈಗ 'ಸನ್‌ಸೆಟ್ ಕಾಟೇಜ್'. ಕಸದ ರಾಶಿಯಿಂದ ಅವನು ಹೆಕ್ಕಿ ತಂದದ್ದು ಆ ಹಳೆಯ ಹೆಸರು ಕೆತ್ತಿದ ಈ ಕಲ್ಲೊಂದನ್ನೇ. ತಮ್ಮ ಊರಿನ ಮನೆಗೂ ಇಂಥದೊಂದು ಕೆತ್ತಿಸಬೇಕೆಂದು ರಸೆಲ್ ಮಾದರಿಗೆ ಕೇಳಿ ತಂದಿದ್ದ.

ಇಷ್ಟನ್ನೂ ವಿವರಿಸುವ ತ್ರಾಣ ಜಾನಿಸ್‌ಗೆ ಇರಲಿಲ್ಲ.

"ಕೆಳಗಿಡು ಟೋನಿ."

"ಫ್ರೀಯಾಗಿ ಮಾಡಿ ಕೊಡ್ತಾನೆ ಅಕ್ಕಾ..."

"ಇಡು ಅಂದೆ!"

"ಪಾಪ, ದುಃಖ ಅದಕ್ಕೆ," ಎಂದರು ಪ್ಯಾಟ್ರಿಷಿಯಾ.

"ದುಃಖ ಅಲ್ಲ ಆಂಟಿ, ಸಿಟ್ಟು."

ಎಮ್ರಿಸ್‌ನ ಮನೆ ಹಿಂದಿನ ಬೀದಿಯಲ್ಲೇ. ಕಲ್ಲನ್ನು ಅವಳೇ ಹೊತ್ತಳು. ಟೋನಿಗೆ ಒಂದು ತುದಿಯನ್ನೂ ಮುಟ್ಟಗೊಡಲಿಲ್ಲ. ಬಾಗಿಲು ತೆರೆದ ಎಮ್ರಿಸ್ ಗಾಬರಿಯಾದ. ಅವಸರವೇನಿಲ್ಲ, ಬೇಕಾದಷ್ಟು ದಿನ ಇಟ್ಟುಕೊಳ್ಳಿ ಎಂದ.

"ಬೇಡ. ಇನ್ನೊಂದು ಗಂಟೆ ನನ್ನ ಮನೆಯಲ್ಲಿದ್ದರೆ ನಿಮ್ಮ ಅಜ್ಜಿ ಡಿಸೋಜಾ ಆಗಿಬಿಡ್ತಾರೆ," ಎಂದು ಜಾನಿಸ್ ಕಲ್ಲನ್ನು ಅವನ ತೋಳಿಗಿಳಿಸಿದಳು.