ಸೀಟಿಗೆ ಸುತ್ತುವ ಪ್ಲಾಸ್ಟಿಕ್

ಇದು ನಮ್ಮ ಮನೆಯಲ್ಲೇ ನಡೆದದ್ದು. ಹೇಳಲು ನಾಚಿಕೆಯೂ ಆಗುತ್ತದೆ, ಸಿಟ್ಟೂ ಬರುತ್ತದೆ. ಆದರೂ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಒಬ್ಬ ಅಕ್ಕನೋ ತಂಗಿಯೋ ಇರುತ್ತಾಳೆ.

ಕಗ್ಗದಾಸಪುರದಲ್ಲಿ ಒಂದು ಬಾಡಿಗೆ ಕೋಣೆ ನಮ್ಮದು. ಅಪ್ಪ ಅಂಬಣ್ಣ, ಅವ್ವ ಅಮೃತಮ್ಮ ಇಬ್ಬರೂ ಗಾರೆ ಕೆಲಸಕ್ಕೆಂದು ರಾಯಚೂರು ಕಡೆಯಿಂದ ಬಂದವರು. ನಾನು ದುರ್ಗೇಶ, ಅಕ್ಕ ಶಾಂಭವಿ, ಬೆಳೆದದ್ದೆಲ್ಲ ಇಲ್ಲೇ. ಆಗ ಎರಡು ಸಾವಿರದ ಒಂದನೇ ಇಸವಿ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ನಾನು ಶಿವಾಜಿನಗರದ ಒಂದು ಅಂಗಡಿಯಲ್ಲಿ ಗಾಡಿಗಳ ಸೀಟು ಹೊಲಿಯುತ್ತಿದ್ದೆ. ಅಕ್ಕ ಮೇನ್ ರೋಡಿನ ಎಸ್‌ಟಿಡಿ ಬೂತಿನಲ್ಲಿ ಕೆಲಸಕ್ಕಿದ್ದಳು. ಬೆಳಗ್ಗೆ ಸ್ಟೂಲಿನ ಮೇಲೆ ಕೂತರೆ ಸಂಜೆ ದೀಪ ಹಚ್ಚುವ ಹೊತ್ತಿಗೇ ಏಳುವುದು. ಪಕ್ಕದಲ್ಲೇ ವೆಂಕಟಸ್ವಾಮಿಯ ಬೇಕರಿ. ಹಸಿವಾದರೆ ಪಫ್, ಬೇಜಾರಾದರೆ ಬೆಣ್ಣೆ ಬಿಸ್ಕತ್ತು, ಗಿರಾಕಿ ಇಲ್ಲದಿದ್ದರೆ ಟೀ. ಅವ್ವ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಎಷ್ಟೋ ದಿನ ಹಾಗೇ ಮನೆಗೆ ವಾಪಸು ಬರುತ್ತಿತ್ತು.

ಶಾಲೆಯಲ್ಲಿದ್ದಾಗ ಅಕ್ಕ ಕಬಡ್ಡಿ ಆಡುತ್ತಿದ್ದಳು. ರೈಡಿಗೆ ಹೋದರೆ ಮೀನಿನ ಹಾಗೆ ಜಾರಿಕೊಂಡು ಬರುತ್ತಿದ್ದಳು. ಆ ಶ್ರಾವಣದಲ್ಲಿ ಒಂದು ಸುದ್ದಿ ಬಂತು. ಮಹದೇವಪುರದ ಒಂದು ಕಾರ್ಖಾನೆಯವರು ಹೆಂಗಸರ ಕಬಡ್ಡಿ ತಂಡ ಕಟ್ಟುತ್ತಾರೆ, ಆಯ್ಕೆಯಾದವರಿಗೆ ಪ್ಯಾಕಿಂಗ್ ವಿಭಾಗದಲ್ಲಿ ಕಾಯಂ ಕೆಲಸ ಕೊಡುತ್ತಾರೆ. ದೀಪಾವಳಿ ಕಳೆದ ಮೇಲೆ ಆಯ್ಕೆ. ಕಾಯಂ ಕೆಲಸ! ನಮ್ಮ ವಂಶದಲ್ಲಿ ಯಾರೂ ಆ ಮಾತಿನ ಹತ್ತಿರಕ್ಕೂ ಹೋದವರಲ್ಲ.

ಆಯ್ಕೆಗೆ ಹೋಗುವ ಹುಡುಗಿಯರೆಲ್ಲ ಸೇರಿ ಶುರು ಮಾಡಿದ ಅಭ್ಯಾಸದ ಮೊದಲ ದಿನವೇ ಅಕ್ಕ ಅರ್ಧಕ್ಕೆ ಎದ್ದು ಬಂದಳು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು.

"ಏನಾಯ್ತೇ?" ಎಂದೆ.

"ಚಡ್ಡಿ ಹಾಕ್ಕೊಂಡೇ ಆಡ್ಬೇಕಂತೆ. ನಾನ್ ಹೋಗಲ್ಲ."

"ಮತ್ತೆ? ಕಬಡ್ಡಿಗೆ ರೇಷ್ಮೆ ಸೀರೆ ಉಟ್ಕೊಂಡು ಹೋಗ್ತಾರಾ?"

"ಸುಮ್ನಿರೋ! ಆ ಮಧುರಾ ಇದಾಳಲ್ಲ, ಇನ್ಶೂರೆನ್ಸ್ ಕಾಲೊನಿಯವಳು, ಎಲ್ಲರೆದುರಿಗೂ ಕೇಳಿದ್ಳು. 'ಏನೇ ಶಾಂಭವಿ, ತೊಡೆ ತುಂಬಾ ಕಿತ್ತಳೆ ಸಿಪ್ಪೆ ಅಂಟಿಸ್ಕೊಂಡಿದೀಯಾ?' ಅಂತ. ತೊಡೆ ಚರ್ಮ ಗುಳಿ ಗುಳಿ ಆಗಿದೆ ನೋಡು, ಅದಕ್ಕೆ. ಎಲ್ಲಾ ನಕ್ಕರು."

ನನಗೆ ತಲೆ ಕೆಟ್ಟುಹೋಯಿತು. "ಅವಳ ಮನೆ ಎಲ್ಲಿದೆ ಹೇಳು. ಈಗ್ಲೇ ಹೋಗ್ತೀನಿ."

"ಹೋಗಿ? ನನ್ನ ತೊಡೆ ಸರಿ ಮಾಡಿಸ್ಕೊಂಡು ಬರ್ತೀಯಾ?"

ಅವ್ವ ಒಲೆ ಮುಂದಿನಿಂದಲೇ ಕೂಗಿದಳು. "ವಾಯು ತುಂಬಿರಬೇಕ್ ತಗೀ. ಓಮಿನ ನೀರು ಕುಡಿ, ಇಳಿತೈತಿ."

ಎರಡು ದಿನ ಬಿಟ್ಟು ಪೇಪರಿನ ನಡುವೆ ಒಂದು ಬಣ್ಣದ ಚೀಟಿ ಬಂತು. ಇಂದಿರಾನಗರದ ಯಾವುದೋ ಮೈ ಇಳಿಸುವ ಸೆಂಟರಿನದು. ಅಕ್ಕ ರಜೆ ಹಾಕಿ ಅಲ್ಲಿಗೆ ಹೋದಳು. ಎಸಿ ರೂಮಿನಲ್ಲಿ ಕೂರಿಸಿ ಅವರು ಹೇಳಿದರಂತೆ: "ಇದಕ್ಕೆ ಸೆಲ್ಯುಲೈಟ್ ಅಂತಾರೆ. ಚರ್ಮದ ಕೆಳಗೆ ವಿಷ ಸೇರ್ಕೊಂಡಿದೆ. ನಮ್ಮ ಕ್ರೀಮ್ ಹಚ್ಚಿ ಪ್ಲಾಸ್ಟಿಕ್ ಸುತ್ತಿ ಬೆವರು ಬರಿಸಿದ್ರೆ ಹದಿನೈದು ಸಲಕ್ಕೆ ಮಾಯ." ಅವರು ಕೇಳಿದ ಫೀಸಿಗೆ ನಮ್ಮ ಕೋಣೆಯನ್ನೇ ಖಾಲಿ ಮಾಡಬೇಕಿತ್ತು. ಅಕ್ಕ ಕಣ್ಣು ಒರೆಸಿಕೊಂಡು ವಾಪಸು ಬಂದಳು.

ಆಗ ಬುದ್ಧಿವಂತ ತಮ್ಮ ಬಾಯಿ ತೆರೆದ. "ಪ್ಲಾಸ್ಟಿಕ್ ತಾನೇ? ಹೊಸ ಸೀಟಿಗೆ ಸುತ್ತೋ ಪ್ಲಾಸ್ಟಿಕ್ ನಮ್ಮ ಅಂಗಡೀಲಿ ರೋಲುಗಟ್ಟಲೆ ಬಿದ್ದಿದೆ. ನಾನ್ ತರ್ತೀನಿ."

ರೋಲು ತಂದೆ. ಮೈಕೈ ನೋವಿಗೆ ಹಚ್ಚುವ ಉರಿಯ ಮುಲಾಮನ್ನೂ ತಂದೆ. ಬಿಸಿಯಾದರೆ ಕೊಬ್ಬು ಕರಗುತ್ತದೆ ಎಂದು ನನ್ನದೇ ತಲೆಯ ಲೆಕ್ಕ. ಅಕ್ಕ ಪರದೆಯ ಹಿಂದೆ ಹೋಗಿ ಮುಲಾಮು ಹಚ್ಚಿಕೊಂಡು, ಎರಡೂ ತೊಡೆಗೆ ಬಿಗಿಯಾಗಿ ಪ್ಲಾಸ್ಟಿಕ್ ಸುತ್ತಿ, ಮೇಲೆ ಚೂಡಿದಾರ್ ಹಾಕಿಕೊಂಡು ಬೂತಿಗೆ ಹೊರಟಳು. ಊಟವನ್ನೂ ಬಿಟ್ಟಳು. ದಿನಕ್ಕೆ ಎರಡು ಸೌತೆಕಾಯಿ, ಒಂದು ಟೀ. "ಉರೀತಿದೆ ಕಣೋ" ಎಂದಳು. "ಉರಿದ್ರೇನೇ ಕೆಲಸ ಮಾಡ್ತಿದೆ ಅಂತ ಅರ್ಥ" ಎಂದೆ ನಾನು.

ನಾಲ್ಕನೆಯ ದಿನ ಮಧ್ಯಾಹ್ನ ಅಕ್ಕ ಬೂತಿನಲ್ಲಿ ಸ್ಟೂಲಿನಿಂದ ಕೆಳಗೆ ಜಾರಿದಳು.

ಗಾಜಿನ ಗೂಡಿನೊಳಗೆ ಆಗ ಬಿಲ್ಕೀಸ್ ಸಿಸ್ಟರ್ ಚಿಂತಾಮಣಿಯ ತಮ್ಮ ತಾಯಿಯ ಜೊತೆ ಫೋನಿನಲ್ಲಿದ್ದರು. ಅವರು ಕೆ.ಆರ್. ಪುರದ ಸರ್ಕಾರಿ ಆಸ್ಪತ್ರೆಯ ನರ್ಸ್. ಫೋನ್ ಬಿಟ್ಟು ಓಡಿಬಂದು ಅಕ್ಕನನ್ನು ಎತ್ತಿ ಹಿಡಿದಾಗ ಬಟ್ಟೆಯೊಳಗಿಂದ ಸರಸರ ಸದ್ದು ಬಂತಂತೆ. "ಇದೇನಮ್ಮಾ, ಒಳಗೆ ಅಂಗಡಿ ಕವರ್ ಹಾಕ್ಕೊಂಡಿದೀಯಾ?" ಎಂದು ಕೇಳಿದರಂತೆ. ಬೇಕರಿ ವೆಂಕಟಸ್ವಾಮಿ ಆಟೋ ತಂದ. ನಮ್ಮ ಅಂಗಡಿಗೂ ಫೋನ್ ಮಾಡಿದ.

ನಾನು ಮನೆಗೆ ಬರುವಷ್ಟರಲ್ಲಿ ಸಿಸ್ಟರ್ ಅಕ್ಕನನ್ನು ಆಸ್ಪತ್ರೆಗೆ ತೋರಿಸಿಕೊಂಡು ವಾಪಸು ಕರೆತಂದಿದ್ದರು. ಅಕ್ಕನ ಎರಡು ತೊಡೆಯೂ ಬೊಬ್ಬೆ ಎದ್ದಿತ್ತು. ಸಿಸ್ಟರ್ ಕೈಯಲ್ಲಿ ನಾನು ತಂದ ರೋಲು.

"ಇದನ್ನ ತಂದ ಮಹಾನುಭಾವ ನೀನೇನಾ?"

"ಹೂಂ. ಅದನ್ನ ಕೇಳೋಕೆ ನೀವ್ಯಾರ್ರೀ? ನಮ್ಮಕ್ಕನ ಕೆಲಸದ ಪ್ರಶ್ನೆ ಇದು. ದುಡ್ಡಿದ್ದೋರು ಎಸಿ ರೂಮಲ್ಲಿ ಸುತ್ತಿಸ್ಕೊಂಡ್ರೆ ಸರಿ, ನಾವು ಮನೇಲಿ ಸುತ್ಕೊಂಡ್ರೆ ತಪ್ಪಾ?"

"ಅಲ್ಲೂ ತಪ್ಪೇ ಕಣಪ್ಪ. ಬೆವರು ಹೋದ್ರೆ ಹೋಗೋದು ನೀರು, ಕೊಬ್ಬಲ್ಲ. ಒಂದು ಲೋಟ ನೀರು ಕುಡಿದ್ರೆ ಅದೂ ವಾಪಸ್. ನಿನ್ನ ಮುಲಾಮು ಪ್ಲಾಸ್ಟಿಕ್ಕಿನ ಒಳಗೆ ಕೂತು ಚರ್ಮ ಸುಟ್ಟಿದೆ. ಇನ್ನೆರಡು ದಿನ ಹೋಗಿದ್ರೆ ಕೀವಾಗ್ತಿತ್ತು."

ನಾನು ತಲೆ ತಗ್ಗಿಸಿದೆ.

ಅವ್ವ ಹೆದರಿದ್ದಳು. "ಅಕ್ಕಾರ, ಇದು ರೋಗ ಏನ್ರಿ? ಹುಡುಗಿ ಲಗ್ನ ಆಗೂದೈತಿ."

"ರೋಗ ಅಲ್ಲಮ್ಮ, ವಿಷಾನೂ ಅಲ್ಲ. ದೊಡ್ಡವರಾದ ಮೇಲೆ ಹತ್ತು ಹೆಂಗಸರಲ್ಲಿ ಎಂಟೊಂಬತ್ತು ಜನಕ್ಕೆ ಇರುತ್ತೆ. ದಪ್ಪ ಇರೋರಿಗೂ, ಸಣ್ಣ ಇರೋರಿಗೂ. ನಂಗೂ ಇದೆ."

ಅವ್ವ ಸೆರಗು ಬಾಯಿಗೆ ಹಿಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ನನಗೂ ಐತ್ರಿ. ಮಣ್ಣು ಹೊತ್ತು ಹೊತ್ತು ಹಿಂಗಾಗೈತಿ ಅಂತ ಅಂದ್ಕೊಂಡಿದ್ದೆ."

ಮಲಗಿದ್ದ ಅಕ್ಕ ಕತ್ತು ಎತ್ತಿ ಅವ್ವನನ್ನು ನೋಡಿದಳು.

ಸಿಸ್ಟರ್ ನನ್ನ ಕಡೆ ತಿರುಗಿದರು. "ಸೀಟ್ ಹೊಲಿಯೋನಲ್ವಾ ನೀನು? ಗುಂಡಿ ಹಾಕಿ ಹೊಲಿದ ಸೀಟಲ್ಲಿ ಗುಳಿ ಯಾಕೆ ಬೀಳುತ್ತೆ?"

"ದಾರ ಕೆಳಕ್ಕೆ ಎಳಿಯುತ್ತೆ. ಮಧ್ಯದಲ್ಲಿ ಸ್ಪಂಜು ಮೇಲಕ್ಕೆ ಉಬ್ಬುತ್ತೆ."

"ರೆಕ್ಸಿನ್ ಮೇಲೆ ಪಾಲಿಶ್ ಹೊಡೆದ್ರೆ ಗುಳಿ ಹೋಗುತ್ತಾ?"

"ಪಾಲಿಶಿಗೆಲ್ಲಿ ಹೋಗುತ್ರೀ?"

"ಇದೂ ಹಾಗೇನೇ. ಚರ್ಮದ ಕೆಳಗೆ ದಾರದ ಥರ ಎಳೆ ಇರುತ್ತೆ, ಅದು ಎಳಿಯುತ್ತೆ. ಮಧ್ಯೆ ಕೊಬ್ಬು ಉಬ್ಬುತ್ತೆ. ಮೇಲೆ ಏನ್ ಹಚ್ಚಿದ್ರೂ ಅಷ್ಟೇ."

ನನಗೆ ಅರ್ಥವಾಯಿತು. ಆದರೆ ಸಿಟ್ಟು ಇಳಿಯಲಿಲ್ಲ. "ಹಂಗಾದ್ರೆ ಹೋಗೋದೇ ಇಲ್ಲ ಅನ್ನಿ. ಕೆಲಸ ಹೋಯ್ತು ಅನ್ನಿ."

"ಪೂರ್ತಿ ಹೋಗಲ್ಲ. ಕಮ್ಮಿ ಕಾಣೋ ಹಾಗೆ ಮಾಡ್ಕೋಬಹುದು. ಸೀಟಿನ ಕೆಳಗೆ ಹಲಗೆ ಗಟ್ಟಿ ಇದ್ದು, ಸ್ಪಂಜು ಜಾಸ್ತಿ ತುರುಕದೇ ಇದ್ರೆ ಸೀಟು ನೀಟಾಗಿ ಕೂರುತ್ತೆ ತಾನೇ? ತೊಡೆಯ ಮಾಂಸಖಂಡ ಗಟ್ಟಿ ಆಗ್ಬೇಕು. ಉಪವಾಸ ಇದ್ರೆ ಕೊಬ್ಬಿನ ಜೊತೆ ಆ ಮಾಂಸಖಂಡಾನೂ ಕರಗುತ್ತೆ. ಆಮೇಲೆ ಗುಳಿ ಇನ್ನೂ ಜಾಸ್ತಿ ಕಾಣುತ್ತೆ. ದೀಪಾವಳಿಗೆ ಮೂರು ತಿಂಗಳಿದೆ. ಗಾಯ ಮೊದಲು ಒಣಗಲಿ, ಆಮೇಲೆ ನೋಡೋಣ."

ಗಾಯ ಒಣಗಲು ಎರಡು ವಾರ ಬೇಕಾಯಿತು. ಆ ಎರಡು ವಾರವೂ ಬಿಲ್ಕೀಸ್ ಸಿಸ್ಟರ್ ಡ್ಯೂಟಿ ಮುಗಿಸಿ ತಮ್ಮ ಲೂನಾದಲ್ಲಿ ಬಂದು ಪಟ್ಟಿ ಬದಲಾಯಿಸಿದರು. ಅವ್ವ ಕೊಟ್ಟ ಟೀ ಬಿಟ್ಟು ನಮ್ಮಿಂದ ಏನನ್ನೂ ಮುಟ್ಟಲಿಲ್ಲ. ಎರಡನೆಯ ವಾರಕ್ಕೆ ಅವರು ನನಗೆ ಸಿಸ್ಟರ್ ಹೋಗಿ ಬಿಲ್ಕೀಸಕ್ಕ ಆಗಿದ್ದರು.

ಮೊದಲು ಬುತ್ತಿಯ ಪಂಚಾಯಿತಿ ನಡೆಯಿತು.

"ಜ್ವಾಳದ ರೊಟ್ಟಿ ತಿಂದ್ರ ದಪ್ಪ ಆಗ್ತಾರಂತಲ್ರಿ?" ಎಂದಳು ಅವ್ವ.

"ನಿಮ್ಮ ರೊಟ್ಟಿ ಏನ್ ತಪ್ಪು ಮಾಡಿದೆಯಮ್ಮ? ತಪ್ಪು ಮಾಡಿದ್ದು ವೆಂಕಟಸ್ವಾಮಿ ಪಫ್. ಎರಡು ರೊಟ್ಟಿ, ಜೊತೆಗೆ ಹೆಸರುಕಾಳೋ ಮಡಕೆಕಾಳೋ ಪಲ್ಯ, ಸೊಪ್ಪು, ಮೊಸರು ಕಟ್ಟಿಕೊಡಿ. ಸಂಜೆಗೆ ಕಡಲೆಕಾಳು ಉಸ್ಲಿ, ಇಲ್ಲಾ ಒಂದು ಸೀಬೆಹಣ್ಣು. ಟೀ ಎರಡು ಸಲ ಸಾಕು, ಸಕ್ಕರೆ ಅರ್ಧ. ನೀರಿನ ಬಾಟ್ಲಿ ಪಕ್ಕದಲ್ಲೇ ಇರಲಿ."

"ದಿನವಿಡೀ ಕೂತೇ ಇರ್ತೀನಲ್ಲ ಅಕ್ಕ, ಅದಕ್ಕೇನ್ ಮಾಡ್ಲಿ?" ಎಂದು ಅಕ್ಕ ಕೇಳಿದಳು.

"ಗಿರಾಕಿ ಒಳಗೆ ಹೋಗಿ ಫೋನ್ ಹಿಡಿದ ತಕ್ಷಣ ನೀನು ಎದ್ದು ನಿಲ್ಲು. ಅವರು ಇಡೋವರೆಗೂ ಕೂರಬೇಡ."

ಅಂದಿನಿಂದ ಅದೇ ಬೂತಿನ ಕಾನೂನಾಯಿತು. ಯಾರಾದರೂ ಊರಿಗೆ ಫೋನ್ ಮಾಡಿ ಅತ್ತೆ ಮಾವ ಎಮ್ಮೆ ಕರು ಎಲ್ಲರನ್ನೂ ವಿಚಾರಿಸುತ್ತಿದ್ದರೆ ಅಕ್ಕ ಹಿಮ್ಮಡಿ ಎತ್ತಿ ಇಳಿಸಿ ಮಾಡುತ್ತ ನಿಂತಿರುತ್ತಿದ್ದಳು. ವೆಂಕಟಸ್ವಾಮಿ ಒಂದೇ ಸಮ ಗೊಣಗಿದ. "ಏನಮ್ಮಾ, ನನ್ನ ಪಫ್ ಮೇಲೆ ಮುನಿಸ್ಕೊಂಡ್ಯಾ?" "ವಾರಕ್ಕೊಂದು ತಿಂತೀನಿ ಅಣ್ಣ, ಅಳಬೇಡಿ" ಎಂದಳಂತೆ ಅಕ್ಕ.

ಬೆಳಗ್ಗೆ ಕೆರೆ ಏರಿ ಕಡೆಗೆ ಬಿರುಸಿನ ನಡಿಗೆ. ಬಂದು ತಾರಸಿಯ ಮೇಲೆ ಬಸ್ಕಿ. ಮೊದಲ ವಾರ ಗೋಡೆ ಹಿಡಿದು ಎಂಟು. ಮಂಡಿ ನೋವು ಬಂದರೆ ಅಲ್ಲಿಗೇ ನಿಲ್ಲಿಸಬೇಕು, ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಬೇಕು, ವಾರದಲ್ಲಿ ಒಂದೆರಡು ದಿನ ಬಿಡುವು ಕೊಡಬೇಕು ಎಂದು ಬಿಲ್ಕೀಸಕ್ಕ ಹೇಳಿದ್ದರು. ಎಣಿಸುವ ಕೆಲಸ ನನಗೆ.

"ಬರೀ ಎಣಿಸ್ತೀಯಲ್ಲ, ನೀನೂ ಹೊಡಿಯೋ" ಎಂದಳು ಅಕ್ಕ.

ನಾನು ಶಾಲೆ ಬಿಟ್ಟದ್ದೇ ಬಸ್ಕಿಗೆ. ಹೋಮ್‌ವರ್ಕ್ ತರಲಿಲ್ಲವೆಂದು ಮೇಷ್ಟ್ರು ಇಡೀ ಕ್ಲಾಸಿನ ಎದುರು ನೂರು ಬಸ್ಕಿ ಹೊಡಿ ಎಂದಿದ್ದರು. ಹೊಡೆಯುವುದಿಲ್ಲವೆಂದು ಚೀಲ ಎತ್ತಿಕೊಂಡು ಬಂದವನು ಮತ್ತೆ ಹೋಗಲಿಲ್ಲ. ಆ ಬಸ್ಕಿಯನ್ನು ಈಗ ಅಕ್ಕನ ಪಕ್ಕದಲ್ಲಿ ನಿಂತು ಹೊಡೆದೆ. ಹದಿನೈದಕ್ಕೇ ನನ್ನ ಕಾಲು ನಡುಗಿತು. ಅವಳು ಇಪ್ಪತ್ತು ಮುಗಿಸಿ ನಕ್ಕಳು. ಬಿದ್ದ ದಿನದಿಂದ ಅವಳು ನಕ್ಕದ್ದು ಅದೇ ಮೊದಲು.

ದೀಪಾವಳಿಗೆ ಒಂದು ವಾರ ಇರುವಾಗ ಅಕ್ಕ ಮತ್ತೆ ಮುಖ ಗಂಟು ಹಾಕಿದಳು. "ಬಿಲ್ಕೀಸಕ್ಕ, ಕಮ್ಮಿ ಆಗಿದೆ ನಿಜ. ಆದ್ರೆ ಇನ್ನೂ ಇದೆ. ಬಿಸಿಲಿಗೆ ನಿಂತ್ರೆ ಕಾಣುತ್ತೆ."

"ಕಾಣಲಿ. ಮೊದಲೇ ಹೇಳಿರ್ಲಿಲ್ವಾ? ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ ಈಗ?"

"ಇಲ್ಲ."

"ರಾತ್ರಿ ನಿದ್ದೆ?"

"ಚೆನ್ನಾಗ್ ಬರುತ್ತೆ."

"ಎಷ್ಟು ಬಸ್ಕಿ?"

"ಮೂವತ್ತು ಮೂವತ್ತು, ಮೂರು ಸಲ."

"ಅಂದ್ಮೇಲೆ ಆ ಕಾಲನ್ನ ಮುಚ್ಚಿಡ್ತೀಯಾ ಬೇಟಾ?"

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಈ ಕಾಲಿನ ಮ್ಯಾಲ ನಿಂತ ನಾ ನಾಕ ಅಂತಸ್ತಿಗೆ ಇಟ್ಟಂಗಿ ಹೊತ್ತೀನಿ. ಅದರಾಗ ನಾಚಿಕಿ ಏನ್ ಬಂತ? ಹೋಗಿ ಆಡು."

ಆಯ್ಕೆಯ ದಿನ ನಾನೂ ಬಿಲ್ಕೀಸಕ್ಕನೂ ಮೈದಾನದ ಅಂಚಿನಲ್ಲಿ ನಿಂತಿದ್ದೆವು. ಅಕ್ಕ ಚಡ್ಡಿ ಹಾಕಿಕೊಂಡು ಹೊರಗೆ ಬಂದಳು. ಒಂದು ಸಲ ಕೈ ತಾನಾಗಿ ಚಡ್ಡಿಯ ಅಂಚಿಗೆ ಹೋಯಿತು, ಕೆಳಗೆ ಎಳೆಯಲು. ಅವಳು ಕೈ ಬಿಟ್ಟಳು, ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡಳು, ಗೆರೆ ದಾಟಿದಳು. ಕಬಡ್ಡಿ ಕಬಡ್ಡಿ ಕಬಡ್ಡಿ...

ಎದುರು ತಂಡದಲ್ಲಿ ಮಧುರಾ ಇದ್ದಳು. ಅಕ್ಕನ ಬಲ ತೊಡೆಯನ್ನು ಎರಡೂ ಕೈಯಿಂದ ಅಪ್ಪಿ ಹಿಡಿದಳು. ಇನ್ನೊಬ್ಬಳು ಸೊಂಟಕ್ಕೆ ಬಿದ್ದಳು. ಅಕ್ಕ ಮಂಡಿ ಬಗ್ಗಿಸಿ ಕೆಳಗೆ ಕೂತಳು. ಥೇಟ್ ಬಸ್ಕಿ. ಅಲ್ಲಿಂದ ಎದ್ದ ರಭಸಕ್ಕೆ ಇಬ್ಬರನ್ನೂ ಎಳೆದುಕೊಂಡೇ ಬಂದು ನಡುಗೆರೆಗೆ ಕೈ ಚಾಚಿದಳು. ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಕಾರ್ಖಾನೆಯ ವಾಚ್‌ಮನ್ ಓಡಿಬಂದ.

ಆಟ ಮುಗಿದ ಮೇಲೆ ಮಧುರಾ ಮಣ್ಣು ಕೊಡವಿಕೊಳ್ಳುತ್ತ ಅಕ್ಕನ ಹತ್ತಿರ ಬಂದಳು. "ಏನೇ ಅದು, ತೊಡೇನಾ ಕಂಬಾನಾ? ಏನ್ ತಿಂತೀಯೇ?" ಆಮೇಲೆ ದನಿ ತಗ್ಗಿಸಿದಳು. "ಅವತ್ತು ಹಂಗಂದಿದ್ದು ತಪ್ಪಾಯ್ತು. ನಂಗೂ ಇದೆ ಕಣೇ, ಸೊಂಟದ ಕೆಳಗೆ. ಯಾರ್ಗೂ ಹೇಳ್ಬೇಡ."

"ನೀನೇ ಹೇಳು ಎಲ್ಲರಿಗೂ. ಮುಚ್ಚಿಟ್ಟು ಮುಚ್ಚಿಟ್ಟೇ ನಾನು ಸುಟ್ಕೊಂಡಿದ್ದು" ಎಂದಳು ಅಕ್ಕ.

ಪಟ್ಟಿಯಲ್ಲಿ ಅಕ್ಕನ ಹೆಸರು ನಾಲ್ಕನೆಯದು. ಅಪ್ಪ ಆ ಕಾಗದವನ್ನು ತಿರುವಿ ಮುರುವಿ ನೋಡಿದ. ಅವನಿಗೆ ಓದಲು ಬಾರದು. ಆದರೂ ಬಹಳ ಹೊತ್ತು ಕೈಯಿಂದ ಬಿಡಲಿಲ್ಲ.

ಬಿಲ್ಕೀಸಕ್ಕನಿಗೆ ಏನು ಕೊಡಲಿ? ಅವರ ಲೂನಾದ ಸೀಟು ಹರಿದು ಸ್ಪಂಜು ಹೊರಗೆ ಬಂದಿತ್ತು. ಒಂದು ಭಾನುವಾರ ಗಾಡಿ ತಂದು ಹೊಸ ಹಲಗೆ, ಹೊಸ ಸ್ಪಂಜು ಹಾಕಿ, ಕಪ್ಪು ರೆಕ್ಸಿನ್ ಎಳೆದು ಹೊಲಿದೆ. ಉಳಿದಿದ್ದ ಆ ರೋಲಿನ ಪ್ಲಾಸ್ಟಿಕ್ಕನ್ನು ಮೇಲೆ ಸುತ್ತಿ ಅವರ ಮುಂದೆ ನಿಲ್ಲಿಸಿದೆ. ಅವರು ಸೀಟನ್ನು ತಟ್ಟಿ ನೋಡಿ ನಕ್ಕರು. "ಈಗ ಸರಿಯಾದ ಜಾಗದಲ್ಲಿ ಸುತ್ತಿದ್ದೀಯ ನೋಡು." ನಾನು ಕೈ ಮುಗಿದೆ.

ಅಕ್ಕಂದಿರೇ, ತಂಗಿಯರೇ, ನಿಮ್ಮ ತೊಡೆಯಲ್ಲೂ ಗುಳಿ ಇದ್ದರೆ ಹೆದರಬೇಡಿ. ಅದು ರೋಗವಲ್ಲ, ಕೊಳೆಯಲ್ಲ, ಪಾಪವಲ್ಲ. ಮನೆಯ ಊಟ ಹೊಟ್ಟೆಗೆ ತಕ್ಕಷ್ಟು ಉಣ್ಣಿ. ಕಾಳು, ಸೊಪ್ಪು, ಹಣ್ಣು ತಟ್ಟೆಯಲ್ಲಿರಲಿ. ಕರಿದದ್ದು, ಸಿಹಿ ಅಪರೂಪಕ್ಕಿರಲಿ. ಕೂತ ಕೆಲಸವಾದರೆ ಆಗಾಗ ಎದ್ದು ನಿಲ್ಲಿ. ನಡೆಯಿರಿ, ಮೆಟ್ಟಿಲು ಹತ್ತಿ, ಮೈಗೆ ಒಗ್ಗುವಷ್ಟು ಬಸ್ಕಿ ಹೊಡೆಯಿರಿ, ಕಣ್ತುಂಬ ನಿದ್ದೆ ಮಾಡಿ. ಗುಳಿ ಕಮ್ಮಿಯಾದೀತು, ಪೂರ್ತಿ ಹೋಗದು; ಕಾಲಿಗೆ ಬಂದ ಬಲ ಮಾತ್ರ ನಿಮ್ಮದು. ಕಾಲು ಬಾತು ಕೆಂಪಾಗಿ ಬಿಸಿಯಾದರೆ, ನೋವಿದ್ದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಹದಿನೈದು ಸಲಕ್ಕೆ ಮಾಯ ಮಾಡುತ್ತೇವೆ ಎನ್ನುವ ಬಣ್ಣದ ಚೀಟಿ ಕೈಗೆ ಬಂದರೆ ಅಲ್ಲೇ ಹರಿದು ಹಾಕಿ.

ಅಣ್ಣತಮ್ಮಂದಿರೇ, ನಿಮಗೂ ಒಂದು ಮಾತು. ಹೆಣ್ಣುಮಕ್ಕಳ ಮೈ ನೋಡಿ ನಗಬೇಡಿ. ಗೊತ್ತಿಲ್ಲದ ಮದ್ದು ಮನೆಗೆ ತರಬೇಡಿ. ಗೊತ್ತಿದ್ದವರನ್ನು ಕೇಳಿ. ಆಮೇಲೆ ಅವಳ ಪಕ್ಕದಲ್ಲಿ ನಿಂತು ನೀವೂ ಬಸ್ಕಿ ಹೊಡೆಯಿರಿ.