ನಂದು ಯಾವಾಗ ಬರ್ತದ್ರಿ

ಶಹಾಬಾದಿನ ಸಭಾಂಗಣದ ವೇದಿಕೆಗೆ ಕಟ್ಟಿದ್ದ ಬ್ಯಾನರಿನಲ್ಲಿ ‘ಕಲಬುರಗಿ ಮಾತನ್ನು ತೆರೆಗೆ ತಂದ ನಿರ್ದೇಶಕ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಅದನ್ನು ಓದಿ ಸಿದ್ದಲಿಂಗೇಶರು ಮುಗುಳ್ನಕ್ಕರು. ಸೇಡಂನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಇಪ್ಪತ್ತೆರಡು ಸಿನಿಮಾ ಮಾಡಿದವರು. ಸಂದರ್ಶನ ಕೊಟ್ಟಲ್ಲೆಲ್ಲ ತಾವೇ ಹೇಳಿಕೊಂಡು ಬಂದ ಮಾತದು. ಹೇಳಿ ಹೇಳಿ ಅವರಿಗೇ ನಿಜವೆನಿಸಿಬಿಟ್ಟಿತ್ತು.

ಮೊದಲ ಸಾಲಿನಲ್ಲಿ ಅವರ ಪಕ್ಕದ ಕುರ್ಚಿಗೆ ಲುಂಬಿನಿ ಎಂಬ ಹುಡುಗಿ ತನ್ನ ಅಜ್ಜಿ ಅನಸುಬಾಯಿಯನ್ನು ಕೈಹಿಡಿದು ತಂದು ಕೂರಿಸಿದಾಗ ಆ ನಗು ಮಾಯವಾಯಿತು. ಮೂವತ್ತೆಂಟು ವರ್ಷದ ಹಿಂದೆ ಇಲ್ಲಿಯ ಫರ್ಸಿ ಹಾಸುಗಲ್ಲಿನ ಗಣಿಯಲ್ಲಿ ಕಲ್ಲು ಹೊರುತ್ತಿದ್ದ ಅನಸುಬಾಯಿಯನ್ನೇ ಕರೆದು ತಮ್ಮ ಮೊದಲ ಸಿನಿಮಾದಲ್ಲಿ ತಾಯಿಯ ಪಾತ್ರ ಮಾಡಿಸಿದ್ದರು. ಸಿನಿಮಾ ಪ್ರಶಸ್ತಿಗೆಂದು ದಿಲ್ಲಿಗೆ ಹೋಯಿತೇ ಹೊರತು ಈ ಕಡೆಯ ಯಾವ ಟಾಕೀಸಿಗೂ ಬರಲಿಲ್ಲ. ಇವತ್ತಿನ ಸನ್ಮಾನದ ಸಭೆಯಲ್ಲೇ ಇಲ್ಲಿ ಅದರ ಮೊದಲ ಪ್ರದರ್ಶನ. ಆದರೆ ಅನಸುಬಾಯಿಯ ಕಣ್ಣು ಹೋಗಿ ಐದು ವರ್ಷವಾಗಿತ್ತು. ನೋಡಲಾಗದಿದ್ದರೇನು, ನನ್ನ ಮಾತು ಕೇಳಿಸಿಕೊಳ್ಳುತ್ತೇನೆ ಎಂದು ಅಜ್ಜಿ ಹೊಸ ಸೀರೆ ಉಟ್ಟು ಬಂದಿದ್ದಾಳೆಂದು ಹೇಳಿ ಲುಂಬಿನಿ ಹಿಂದಿನ ಸಾಲಿಗೆ ಹೋದಳು.

ಅನಸುಬಾಯಿಯ ಮಾತು ಆ ಸಿನಿಮಾದಲ್ಲಿ ಇರಲೇ ಇಲ್ಲ. ಡಬ್ಬಿಂಗಿನ ದಿನ, ಈ ಭಾಷೆ ಯಾರಿಗೆ ಅರ್ಥವಾಗುತ್ತದೆಂದು ಸ್ಟುಡಿಯೋದವರು ನಕ್ಕಿದ್ದರು. ಸಿದ್ದಲಿಂಗೇಶರ ಸೇಡಂ ನಾಲಿಗೆಗೂ ಅಲ್ಲಿ ದಿನಾ ನಗುವವರಿದ್ದರು. ಅವಮಾನ ತಾಳದೆ ಬೇರೊಬ್ಬ ನಟಿಯ ದನಿ ಹಾಕಿಸಿದರು. ಅಂದಿನಿಂದ ತಾವೂ ಆ ಮಾತು ಬಿಟ್ಟರು.

ದೀಪ ಆರಿತು. ತೆರೆಯ ಮೇಲೆ ಗಣಿ ಕುಸಿಯಿತು, ಮಗನ ಮೇಲೆ ಬಿದ್ದ ಬಂಡೆಯ ಮುಂದೆ ಅನಸುಬಾಯಿ ಎದೆ ಬಡಿದುಕೊಂಡಳು. “ಕಲ್ಲು ಸರಿಸಿ, ನನ್ನ ಮಗ ಕೆಳಗಿದ್ದಾನೆ” ಎಂದಿತು ಆ ನಟಿಯ ನಯವಾದ ದನಿ.

ಪಕ್ಕದಲ್ಲಿದ್ದ ಅನಸುಬಾಯಿ ಸಿದ್ದಲಿಂಗೇಶರತ್ತ ಬಾಗಿದಳು. “ಸಾಹೇಬ್ರ, ನಂದು ಯಾವಾಗ ಬರ್ತದ್ರಿ?”

“ಬರುತ್ತೆ, ಮುಂದೆ ಬರುತ್ತೆ” ಎಂದರು. ಈ ವಯಸ್ಸಿನಲ್ಲೂ ಸುಳ್ಳಾಡುವ ನಾಲಿಗೆಗೆ ಏನೆನ್ನಬೇಕು. ಆಕೆ ನಂಬಿ, ಕಿವಿಯ ಮೇಲಿನ ಸೆರಗು ಹಿಂದೆ ಸರಿಸಿ, ಸಿನಿಮಾ ಮುಗಿಯುವವರೆಗೂ ಕಾದಳು.

ದೀಪ ಹತ್ತಿದಾಗ ತಗ್ಗಿದ ದನಿಯಲ್ಲಿ ಕೇಳಿದಳು. “ನಾ ಚಲೋ ಮಾಡಿಲ್ಲಂತ ತೆಗೆದ್ರೇನ್ರಿ?”

ಸಿದ್ದಲಿಂಗೇಶರಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ಎಷ್ಟೋ ವರ್ಷದ ಮೇಲೆ ಊರ ಮಾತು ತಾನಾಗಿ ಬಾಯಿಗೆ ಬಂತು.

“ಇಲ್ರಿ ಅನಸಕ್ಕಾ. ನೀವು ಭಾಳ ಚಲೋ ಮಾಡಿದ್ರಿ. ಮಾರಿ ನಿಮ್ದೇ ಅದ, ಮಾತು ಬ್ಯಾರೆಯವ್ರದು ಹಾಕ್ಸಿದೆ. ನಮ್ಮ ಮಾತಿಗಿ ನನಗ ನಾಚ್ಕಿ ಬಂದಿತ್ತು.”

ಆಕೆ ಸೆರಗನ್ನು ಮತ್ತೆ ಕಿವಿಯ ಮೇಲೆ ಎಳೆದುಕೊಂಡಳು. “ನನ್ನ ಮಾತು ದಿಲ್ಲಿ ತನಕ ಹೋಗ್ಯಾದ ಅಂತ ಮಂದಿಗೆಲ್ಲ ಹೇಳ್ಕೋತ ಬಂದೀನಲ್ರಿ” ಎಂದಳು.

ಅಷ್ಟರಲ್ಲಿ ಸನ್ಮಾನಕ್ಕೆಂದು ವೇದಿಕೆಯಿಂದ ಅವರ ಹೆಸರು ಕೂಗಿದರು. ಸಿದ್ದಲಿಂಗೇಶರು ವೇದಿಕೆ ಹತ್ತಿ, ಹೊದಿಸಲು ಬಂದ ಶಾಲನ್ನು ತಡೆದು, ಮೈಕು ಹಿಡಿದರು.

“ಮೊದಲ ಆ ಬ್ಯಾನರ್ ಇಳಸ್ರಿ. ಅದು ಸುಳ್ಳದ.”

ದೊಡ್ಡವರ ವಿನಯವೆಂದುಕೊಂಡು ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅನಸುಬಾಯಿಯ ಕೈ ಮಾತ್ರ ಮಡಿಲಲ್ಲೇ ಇತ್ತು.