ಎರಡಕ್ಕೂ ಒಂದೇ ಮಾತು

ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಕರುಣಾ, ಮುಸ್ಕಾನ್ ಬೆರಳೆತ್ತಿದ ಕೂಡಲೇ ಕೈ ನಿಲ್ಲಿಸಿದಳು. ಫ್ಯಾನು ಆಗಲೇ ಬಂದ್ ಆಗಿತ್ತು. ಕೇಶ್ವಾಪುರದ ಕರುಣಾಳ ಅಡುಗೆಮನೆಯ ಕಿಟಕಿ ಮುಚ್ಚಿ, ದನಿ ರೆಕಾರ್ಡ್ ಮಾಡಲು ಅಕ್ಕಿ ಡಬ್ಬಿಯ ಮೇಲೆ ಮೊಬೈಲು ಇಟ್ಟು, ಮುಸ್ಕಾನ್ ಉಸಿರು ಬಿಗಿಹಿಡಿದು ಕೂತಿದ್ದಳು. ಕರುಣಾ ಕಲಿಸುವ ಸಾಲೆಯಲ್ಲೇ ಓದಿದ ಹುಡುಗಿ ಅವಳು. ಈಗ ಇಬ್ಬರು ಗೆಳತಿಯರ ಜೊತೆ ಕಂಪ್ಯೂಟರಿನಲ್ಲಿ ಆಡುವ ಕಥೆಯ ಆಟವೊಂದನ್ನು ಕಟ್ಟುತ್ತಿದ್ದಾಳೆ. ಅದರಲ್ಲಿ ಬರುವ ತಾಯಿಗೆ ತನಗೆ ಕಲಿಸಿದ ಅಕ್ಕೋರ ದನಿಯೇ ಬೇಕೆಂದು ಹಟ ಹಿಡಿದು ಬಂದಿದ್ದಳು.

ಆಟದ ಹುಡುಗಿ ಚಾಂದಬಿ. ಗ್ಯಾರೇಜಿನ ಕೆಲಸ ಕಲಿಯಲು ಮಾಮಾನ ಊರಿಗೆ ಹೋಗಬೇಕೋ, ಮನೆಯಲ್ಲೇ ಇರಬೇಕೋ, ಆಡುವವರು ಎರಡರಲ್ಲಿ ಒಂದನ್ನು ಒತ್ತಬೇಕು. ಆಮೇಲೆ ತಾಯಿ ಮಾತಾಡುತ್ತಾಳೆ.

"ಹೋಗ್ತೀನಿ ಅಂದ್ರ ಏನ್ ಅನ್ಲಿ?" ಕರುಣಾ ಕೇಳಿದಳು.

"'ಆತು, ನಿನಗ ಹೆಂಗ ಛಲೋ ಅನಸ್ತದ ಹಂಗ ಮಾಡು' ಅನ್ರಿ."

"ಇರ್ತೀನಿ ಅಂದ್ರ?"

"ಅದನ್ನ ಅನ್ರಿ ಅಕ್ಕೋರ. ಎರಡಕ್ಕೂ ಒಂದ ರೆಕಾರ್ಡಿಂಗು. ಖುಷಿನೂ ಇರಬಾರದು, ದುಃಖನೂ ಇರಬಾರದು. ಎರಡೂ ಕಡೆ ಹೊಂದಬೇಕು."

"ಮುಂದ?"

"ಯಾವುದು ಒತ್ತಿದ್ರೂ ಮಾಮಾ ಬಂದು ಬಸ್ ಹತ್ತಸ್ತಾನ್ರಿ. ಅಕಿ ಮನ್ಯಾಗ ಕುಂತ್ರ ಕಥಿ ಮುಗದಂಗಲ್ರಿ! ನಾವು ಮೂರು ಮಂದಿ, ಎರಡು ಕಥಿ ಹೆಂಗ ಕಟ್ಟೂದು?"

"ಹಂಗಾದ್ರ ಕೇಳೂದ್ಯಾಕ ಹುಡುಗಿ?"

"ಕೇಳಿದ್ರ ನಾವ ಆರಿಸಿದ್ವಿ ಅನಸ್ತದ್ರಿ ಮಂದಿಗೆ. ನೀವೂ ಸಾಲ್ಯಾಗ 'ಮೊದಲ ಲೆಕ್ಕಾನೋ, ಪದ್ಯಾನೋ' ಅಂತ ಕೇಳಿ ಲೆಕ್ಕಾನ ಮಾಡಸ್ತಿದ್ರಿ. ಮರತ್ರೇನು?"

"ಎಷ್ಟ ಬಾಯಿ ಬಂದೈತಿ ನಿನಗ!" ಕರುಣಾ ನಕ್ಕಳು. ಆಮೇಲೆ ಕೇಳಿದಳು: "ಇರ್ತೀನಿ ಅಂದಾಕಿ ಬಸ್ ಹತ್ತುವಾಗ ಮನಸಿನ್ಯಾಗ ಏನ್ ಅನ್ಕೋತಾಳ?"

ಮುಸ್ಕಾನ್ ತಡವರಿಸಿದಳು. "ಅದನ್ನ ನಾವು ಬರದಿಲ್ರಿ."

ಕರುಣಾ ಮೊಬೈಲಿನತ್ತ ಬಾಗಿ ತಾಯಿಯ ಆ ಮಾತು ಹೇಳಿದಳು. ಮುಸ್ಕಾನ್ ಕೇಳಿಸಿಕೊಂಡು ಕಣ್ಣರಳಿಸಿದಳು. "ಒಂದ ಸಲಕ್ಕ ಬಂತಲ್ರಿ! ನನ್ನ ಗೆಳತಿಗೆ ಎಷ್ಟ ಹೇಳಿದ್ರೂ ಬರಲಿಲ್ಲ. ಎಲ್ಲಿ ಕಲತ್ರಿ ಅಕ್ಕೋರ?"

ಕರುಣಾ ಮತ್ತೆ ಮೆಂತ್ಯಕ್ಕೆ ಕೈಹಾಕಿದಳು.

ಮುಸ್ಕಾನ್ ಬಾಗಿಲು ದಾಟುವ ಹೊತ್ತಿಗೆ ಗಂಡ ರಾಜಶೇಖರ ಆಫೀಸಿನಿಂದ ಬಂದ. "ಏನು, ಹೀರೋಯಿನ್ ಆದಿ ಏನು?"

"ಹೀರೋಯಿನ್ ಅಲ್ರಿ, ಅವರವ್ವ."

"ಅದ ನಿನಗ ಖರೇ ಪಾರ್ಟು ನೋಡು." ಬೂಟು ಬಿಚ್ಚುತ್ತಾ ಕೇಳಿದ: "ನಾಳಿಂದು ಏನ್ ವಿಚಾರ ಮಾಡೀದಿ?"

ನಾಳೆ ಧಾರವಾಡದಲ್ಲಿ ಬಡ್ತಿಯ ಕೌನ್ಸೆಲಿಂಗ್; ಒಬ್ಬೊಬ್ಬರ ಹೆಸರು ಕೂಗಿ, ಖಾಲಿಯಿರುವ ಸಾಲೆಗಳಲ್ಲಿ ಒಂದನ್ನು ಆರಿಸಲು ಹೇಳುತ್ತಾರೆ. ಹೆಡ್ ಮೇಡಂ ಆಗುವ ಸರದಿ ಕರುಣಾಳದು. ಅವಳ ಪಾಲಿಗೆ ಉಳಿದಿದ್ದು ದೂರದ ಉಪ್ಪಿನಬೆಟಗೇರಿಯ ಸಾಲೆ ಮಾತ್ರ. ಬೇಡವೆಂದರೆ ಇಲ್ಲೇ, ಮನೆ ಹತ್ತಿರದ ಸಾಲೆಯಲ್ಲಿ, ಇದ್ದಂತೆಯೇ ಇರಬಹುದು.

"ನಾ ಒತ್ತಾಯ ಮಾಡಂಗಿಲ್ಲ. ಹೋದ್ರ ಹೋಗು, ಬಿಟ್ರ ಬಿಡು. ನಿಂದ ಮರ್ಜಿ," ಎಂದ ರಾಜಶೇಖರ. "ಆದ್ರ ಅಣ್ಣಗ ಹೇಳಿಬಿಟ್ಟೇನಿ, ಇಕಿ ಬ್ಯಾಡಂತಾಳ ಅಂತ. ಎರಡು ಬಸ್ಸು ಬದಲಿಸಿ ಯಾವಾಗ ಬರಾಕಿ ನೀ? ಸಂಜೀಕ ಅವ್ವಗ ಚಾ ಯಾರ ಮಾಡ್ತಾರ?"

ಅವನು ಕೆಟ್ಟವನಲ್ಲ. ಎಲ್ಲದಕ್ಕೂ ಅವಳನ್ನು ಕೇಳುತ್ತಿದ್ದ. ಮನೆಗೆ ಯಾವ ಬಣ್ಣ ಎಂದು ಕೇಳಿದ್ದ. ಕೇಳುವ ಹೊತ್ತಿಗೆ ಬಣ್ಣದ ಡಬ್ಬಿಗಳು ಆಗಲೇ ಅಂಗಳಕ್ಕೆ ಬಂದಿದ್ದವು. ಕೇಳಿದೆನೆಂಬ ಸಮಾಧಾನ ಅವನದು, ಹೇಳಿದೆನೆಂಬ ಸಮಾಧಾನ ಇವಳದು. ಸಂಸಾರ ಹಾಗೆಯೇ ನಡೆದಿತ್ತು.

"ಆತ್ರಿ, ನಿಮಗ ಹೆಂಗ ಛಲೋ ಅನಸ್ತದ ಹಂಗ," ಅಂದಳು ಕರುಣಾ.

ಅಂದ ಮೇಲೆ ಅವಳಿಗೆ ತನ್ನ ದನಿ ಕೇಳಿಸಿತು. ಖುಷಿಯಿಲ್ಲ, ದುಃಖವಿಲ್ಲ. ಎರಡೂ ಕಡೆ ಹೊಂದುವ ದನಿ. ರಾಜಶೇಖರ ತಲೆಯಾಡಿಸಿ ಕಾಲು ತೊಳೆಯಲು ಹಿತ್ತಲಿಗೆ ಹೋದ.

ಅವಳು ಚಹಾ ಒಲೆಗಿಟ್ಟು ಅಡುಗೆ ಕಟ್ಟೆಗೆ ಒರಗಿ ನಿಂತಳು. ಹೋದರೂ ನಸುಕಿನಲ್ಲಿ ರೊಟ್ಟಿ ಬಡಿಯುವುದು ತಪ್ಪುವುದಿಲ್ಲ. ಅಲ್ಲಿಯೂ ಇವೇ ಪಾಠ, ಬಿಸಿಯೂಟದ ಇದೇ ಗದ್ದಲ. ನಿವೃತ್ತಿಯ ದಿನ ಇದೇ ಶಾಲು, ಇವೇ ಭಾಷಣ. ಕೊನೆ ಬಹುಶಃ ಬೇರೆಯಾಗಲಿಕ್ಕಿಲ್ಲ. ಆದರೆ ಅಲ್ಲಿಯವರೆಗಿನ ದಿನಗಳನ್ನು ಕಳೆಯುವವಳು ಬೇರೆಯಾಗುತ್ತಾಳೆ. ಬೇಕು ಎಂದು ಬಾಯಿಬಿಟ್ಟು ಹೇಳಿದವಳು.

"ಕರುಣಾ, ಚಾ ಆತೇನವಾ?" ಹೊರಗಿನಿಂದ ಅತ್ತೆ ಸತ್ಯವ್ವ ಕೂಗಿದಳು.

"ತರಾಕತ್ತೇನ್ರಿ ಅತ್ತಿ."

ನಾಳೆ ತನ್ನ ಹೆಸರು ಕೂಗಿದಾಗ ಎದ್ದುನಿಂತು ಉಪ್ಪಿನಬೆಟಗೇರಿ ಎನ್ನುವುದೆಂದು ಅವಳು ನಿರ್ಧರಿಸಿದಳು. ಚಹಾ ಸೋಸಿ ಹೊರಗೆ ಒಯ್ದು ಅತ್ತೆಯ ಕೈಗೆ ಕೊಟ್ಟಳು. ಯಾರಿಗೂ ಏನೂ ಹೇಳಲಿಲ್ಲ.